ಬಂದವಳಿಗೊಂದು ಕುರ್ಚಿ

ನೆರವಿನ ಕಚೇರಿಯವಳು ನಾಳೆ ಮನೆ ನೋಡಲು ಬರುತ್ತಾಳೆಂದು ತಿಳಿದ ಕೂಡಲೇ ತಫೀದಾ ಮುದುಕಿಗೆ ಕೈಕಾಲೇ ಆಡಲಿಲ್ಲ. ಇದ್ದದ್ದು ತಂತಾ ಪಟ್ಟಣದ ಗಲ್ಲಿಯಲ್ಲೊಂದು ಕೋಣೆ, ಅದರಲ್ಲೊಂದು ಚಾಪೆ, ಒಂದು ಸ್ಟೌ. ಮಕ್ಕಳಿಲ್ಲ. ಗಂಡ ಸತ್ತ ಮೇಲೆ ಆ ಹೊಸ್ತಿಲು ದಾಟಿ ಬಂದು ಒಂದು ಲೋಟ ಚಹಾ ಕುಡಿದವರಿಲ್ಲ. ಬಡ ಮುದುಕರಿಗೆ ಸರ್ಕಾರ ಕೊಡುವ ತಿಂಗಳ ನೆರವಿಗೆ ಅರ್ಜಿ ಹಾಕಿದ್ದಳು. ಅದು ಸಿಕ್ಕರೆ ರಕ್ತದೊತ್ತಡದ ಮಾತ್ರೆಯನ್ನು ಅರ್ಧ ಮುರಿದು ನುಂಗುವುದು ತಪ್ಪುತ್ತಿತ್ತು.

ಬರುವವಳು ಬಡತನ ನೋಡಲೆಂದೇ ಬರುವವಳು. ಅಷ್ಟು ತಿಳಿಯದ ಪೆದ್ದಿಯೇನಲ್ಲ ತಫೀದಾ. ಆದರೂ ಮನೆಗೆ ಬಂದ ಹೆಣ್ಣುಮಗಳನ್ನು ನೆಲದ ಮೇಲೆ ಕೂರಿಸುವುದೇ? ಆ ಗಲ್ಲಿಯಲ್ಲಿ ಅದಕ್ಕಿಂತ ದೊಡ್ಡ ಅವಮಾನವಿರಲಿಲ್ಲ.

ಮರುದಿನ ಬೆಳಿಗ್ಗೆ, ತಫೀದಾ ಕೇಳಿಕೊಂಡಂತೆ, ಪಕ್ಕದ ಮನೆಯ ಉಮ್ಮ್ ವಾಇಲ್ ತನ್ನ ಮಗಳ ಮದುವೆಗೆಂದು ಮಾಡಿಸಿಟ್ಟಿದ್ದ ಚಿನ್ನದ ಬಣ್ಣದ ಕುರ್ಚಿಗಳನ್ನು ಹೊತ್ತು ತಂದಳು. ಇನ್ನೊಬ್ಬಳು ರತ್ನಗಂಬಳಿ ಹಾಸಿದಳು, ಮತ್ತೊಬ್ಬಳು ಗಾಜಿನ ಲೋಟಗಳನ್ನು ಜೋಡಿಸಿದಳು.

"ಖಾಲಾ, ಇದನ್ನೆಲ್ಲ ನೋಡಿದ್ರೆ ದುಡ್ಡು ಕೊಡ್ತಾರಾ?" ಎಂದು ಉಮ್ಮ್ ವಾಇಲ್ ಕೇಳಿದಳು.

"ಮೊದ್ಲು ಬಂದೋಳು ಕೂತ್ಕೊಳ್ಳಲಿ. ದುಡ್ಡಿನ ಮಾತು ಆಮೇಲೆ."

ಇಷ್ಟು ಕಾಲ ಬಾಗಿಲಾಚೆಯಿಂದಲೇ ಸಲಾಂ ಹೇಳಿ ಹೋಗುತ್ತಿದ್ದವರು ಅಂದು ಒಳಗೆ ಸೇರಿ, ಕುರ್ಚಿ ಎಲ್ಲಿಡಬೇಕೆಂದು ಜಗಳವಾಡಿ, ಬಿದ್ದು ಬಿದ್ದು ನಕ್ಕರು. ತಫೀದಾಳಿಗೆ ಮಾತ್ರೆಯೂ ಮರೆತುಹೋಯಿತು, ನೆರವೂ ಮರೆತುಹೋಯಿತು. ಅಷ್ಟು ಸುಖವಾಯಿತು ಅವಳಿಗೆ.

ಕಚೇರಿಯಿಂದ ಬಂದವಳ ಹೆಸರು ರಬಾಬ್. ಕುರ್ಚಿಯಲ್ಲಿ ಕೂತು ಪುದೀನ ಚಹಾ ಕುಡಿದಳು, ಕೋಣೆಯ ಸುತ್ತ ಕಣ್ಣಾಡಿಸಿದಳು. ಮನೆಗೆ ಬಂದು ಹೋಗಿ ನೋಡಿಕೊಳ್ಳುವವರು ಇದ್ದಾರೆಯೇ ಎಂದು ಕೇಳಿದಳು. ದಿನವೂ ಮನೆ ತುಂಬ ಜನ, ಚಹಾ ಕಾಯಿಸಿ ಕಾಯಿಸಿ ಕೈಸೋತಿದೆ ಎಂದು ಮುದುಕಿ ಕೊಚ್ಚಿಕೊಂಡಳು. ರಬಾಬ್ ಮೆಲ್ಲಗೆ, ಏನೂ ಇಲ್ಲದವರು ಬಹಳ ಜನ ಕಾಯುತ್ತಿದ್ದಾರೆ, ಈ ಸಲ ಕಷ್ಟ ಎಂದು ಹೇಳಿ ಎದ್ದಳು.

ಅವಳು ಗಲ್ಲಿ ತಿರುಗುವುದೇ ತಡ, ಕುರ್ಚಿ, ಗಂಬಳಿ, ಲೋಟ ಎಲ್ಲವೂ ಬಂದ ದಾರಿ ಹಿಡಿದವು. ಅವುಗಳ ಜೊತೆ ಜನವೂ ಹೋದರು. ಯಾರಿಗೂ ಕೂರಲು ಪುರಸೊತ್ತಿರಲಿಲ್ಲ.

ಮರೆತ ಕನ್ನಡಕಕ್ಕಾಗಿ ರಬಾಬ್ ವಾಪಸು ಬಂದಾಗ ತಫೀದಾ ಬರಿಯ ಕೋಣೆಯಲ್ಲಿ ಚಾಪೆಯ ಮೇಲೊಬ್ಬಳೇ ಕೂತು, ಅತಿಥಿಗೆ ಕಾಯಿಸಿ ಉಳಿದಿದ್ದ ತಣ್ಣನೆಯ ಚಹಾ ಕುಡಿಯುತ್ತಿದ್ದಳು.

"ಕುರ್ಚಿ ಎಲ್ಲಿ ಖಾಲಾ?"

"ಅತಿಥಿ ಎದ್ದುಹೋದ್ಮೇಲೆ ಕುರ್ಚಿ ಯಾಕೆ ಮಗಳೇ?"

ರಬಾಬ್ ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂತಳು. ಮುದುಕಿ ನಾಚಿಕೆಯಿಂದ ಹಿಡಿಯಷ್ಟಾಗಿ, ಸ್ಟೌ ಹಚ್ಚಲು ಎದ್ದಳು. ರಬಾಬ್ ಅವಳ ಕೈ ಹಿಡಿದು ಕೂರಿಸಿದಳು.

"ಚಹಾ ಬೇಡ. ಈಗ ನಾನು ಅತಿಥಿ ಅಲ್ಲ, ಕಚೇರಿಯವಳು. ಇನ್ನೊಂದ್ಸಲ ಕೇಳ್ತೀನಿ, ನಿಜ ಹೇಳಿದ್ರೆ ನೆರವು ಸಿಗುತ್ತೆ. ನಿಮ್ಮ ಮನೆಗೆ ಯಾರು ಬರ್ತಾರೆ?"

ಬಾಗಿಲು ತೆರೆದೇ ಇತ್ತು. ಆಚೆ ಉಮ್ಮ್ ವಾಇಲ್ ಕುರ್ಚಿ ಒರೆಸುತ್ತಿರುವುದು ಕಾಣುತ್ತಿತ್ತು. ಬಡತನವನ್ನಾದರೂ ಒಪ್ಪಿಕೊಳ್ಳಬಹುದಿತ್ತು, ಇದನ್ನು ಹೇಗೆ ಒಪ್ಪಿಕೊಳ್ಳುವುದು?

"ಯಾರೂ ಇಲ್ಲ" ಎಂದಳು ಕೊನೆಗೆ. "ನೀನೊಬ್ಳು ಬಂದಿದ್ದೆ."