ಪಂದ್ಯದ ಜುಟ್ಟು

ಮಗನ ಜಡೆ ಬಿಚ್ಚುವುದಿಲ್ಲ ಎಂದು ಓಚಿರ್ ಹೆಂಡತಿಗೆ ಮಾತು ಕೊಟ್ಟಿದ್ದ. ಹುಟ್ಟಿದಾಗಿನಿಂದ ಕತ್ತರಿ ಕಾಣದ ಕೂದಲು ಅದು. ಮೂರು ತುಂಬಿದ ತುಗುಲ್ದುರನಿಗೆ ನಾಳೆ ಸೈನ್‌ಶಂದದ ಅಜ್ಜಿಮನೆಯಲ್ಲಿ ಮೊದಲ ಮುಡಿ ತೆಗೆಯುವ ಶಾಸ್ತ್ರ. ತಾಯಿ ಉಯಂಗಾ ಗೋಬಿಯ ಗಣಿಯಲ್ಲಿ ಲಾರಿ ಓಡಿಸುತ್ತಾಳೆ. ಶಾಸ್ತ್ರಕ್ಕೆ ಲಾಮಾ ಗೊತ್ತುಮಾಡಿದ ದಿನಕ್ಕೆ ಗಣಿಯವರು ರಜೆ ಕೊಡಲಿಲ್ಲ. ಮೊನ್ನೆ ಪಾಳಿಗೆ ಹೊರಡುವಾಗ ಜಡೆ ಹೆಣೆದು, "ನಾನಂತೂ ಇರಲ್ಲ, ನನ್ ಕೈಯಾರೆ ಹೆಣೆದ ಜಡೆನಾದ್ರೂ ಅಲ್ಲಿರ್ಲಿ ಕಣ್ರೀ" ಎಂದು ಅತ್ತುಬಿಟ್ಟಿದ್ದಳು.

ಸೈನ್‌ಶಂದದಿಂದ ಫೋನ್ ಮಾಡಿದ ಅತ್ತೆಯದು ಬೇರೆಯೇ ಚಿಂತೆ. "ಅಳಿಯಂದ್ರೇ, ಹೋದಲ್ಲೆಲ್ಲ ಟೋಪಿ ಬಿಟ್ಟು ಬರೋರು ನೀವು. ಮಗೂನ ಬಿಟ್ಟು ಬಂದೀರಿ, ಜೋಕೆ!"

ರೈಲು ಉಲಾನ್‌ಬಾತರ್ ಬಿಟ್ಟು ಒಂದು ಗಂಟೆಯಾಗಿರಲಿಲ್ಲ, ತುಗುಲ್ದುರ್ ಬೋಗಿಯ ಉದ್ದಗಲ ಹದಿನೇಳು ಸಲ ಓಡಿದ. ತೆಪ್ಪಗೆ ಕೂರಲಿ ಎಂದು ಓಚಿರ್ ಬಬಲ್‌ಗಮ್ ಕೊಟ್ಟ. ಜಡೆಯ ತುದಿ ಬಾಯಲ್ಲಿಟ್ಟುಕೊಳ್ಳುವ ಚಟ ಮಗನಿಗುಂಟೆಂಬುದು ಆ ಪುಣ್ಯಾತ್ಮನಿಗೆ ನೆನಪಾಗಬೇಕಲ್ಲ!

"ಅಪ್ಪಾ, ಬಾಯೊಳಗೆ ಜಡೆ ಅಂಟ್ಕೊಂಡ್ಬಿಡ್ತು."

ಓಚಿರನ ಜೀವವೇ ಹಾರಿಹೋಯಿತು. ಎಳೆದಷ್ಟೂ ಅಂಟು ಮೇಲೇರಿತು. ಟೀ ತಂದ ರೈಲಿನ ಹೆಂಗಸು, "ಇಷ್ಟಕ್ಕೇನಾ?" ಎಂದು ಕತ್ತರಿ ತೆಗೆದಳು. ಇಡೀ ಬೋಗಿ ಕಿರುಚಿಕೊಂಡಿತು.

"ಅಯ್ಯೋ, ಮೊದಲ ಮುಡಿ ಕಣಮ್ಮಾ! ಒಳಗಿಡು ಅದನ್ನ!"

ಎದುರಿಗೆ ಕೂತಿದ್ದವನು ಬಾಲ್ಜಿರಜ್ಜ, ಪಂದ್ಯದ ಕುದುರೆ ಪಳಗಿಸುವವನು. ಬುತ್ತಿಯಿಂದ ಬೆಣ್ಣೆ ತೆಗೆದ. "ಬಿಚ್ಚದೆ ಬೇರೆ ದಾರಿಯಿಲ್ಲ ತಮ್ಮಾ."

ಹೆಂಡತಿಗೆ ಕೊಟ್ಟ ಮಾತು ಓಚಿರನಿಗೆ ನೆನಪಾಯಿತು. ಕಣ್ಣು ಮುಚ್ಚಿ ಬಿಚ್ಚಿದ. ಬೆಣ್ಣೆ ಸವರಿದ ಮೇಲೆ ಅಂಟೇನೋ ಬಿಟ್ಟುಬಂತು, ಆದರೆ ಮತ್ತೆ ಹೆಣೆಯಲು ಇವನಿಗೆ ಬರಬೇಕಲ್ಲ! ಮೂರು ಸಲ ಹೆಣೆದ, ಮೂರು ಸಲವೂ ಜಾರಿತು.

"ಆ ಕಡೆ ಸರಿ," ಎಂದ ಬಾಲ್ಜಿರಜ್ಜ. "ನಂಗೆ ಗೊತ್ತಿರೋದು ಒಂದೇ ಕಟ್ಟು." ಹಣೆಯ ಮೇಲೆ ಕೂದಲೆಲ್ಲ ಒಟ್ಟುಮಾಡಿ, ಪಂದ್ಯದ ದಿನ ಕುದುರೆಗೆ ಕಟ್ಟುವ ಹಾಗೆ ನೆಟ್ಟಗೆ ಬಿಗಿದ. "ನೋಡು ಮರಿ, ಓಟ ಮುಗಿಯೋ ತನಕ ಇದನ್ನ ಯಾರೂ ಮುಟ್ಟಂಗಿಲ್ಲ."

ತುಗುಲ್ದುರ್ ಕಿಟಕಿಯ ಗಾಜಿನಲ್ಲಿ ತನ್ನನ್ನು ನೋಡಿಕೊಂಡು ಕೆನೆದ. ಆಮೇಲೆ ಸೈನ್‌ಶಂದ ಬರುವ ತನಕ ಮನುಷ್ಯರ ಭಾಷೆ ಆಡಲೇ ಇಲ್ಲ.

ನಿಲ್ದಾಣದಲ್ಲಿ ಮಗ ನಾಗಾಲೋಟದಲ್ಲಿ ಹೋಗಿ ಅಜ್ಜಿಗೆ ಡಿಕ್ಕಿ ಹೊಡೆದ. "ನಾನು ಕುದುರೆ! ಓಡೋ ತನಕ ಕತ್ತರ್ಸಂಗಿಲ್ಲ!"

ಅತ್ತೆ ಆ ಜುಟ್ಟನ್ನು ಮುಟ್ಟಿ ನೋಡಿದಳು. ತೀರಿಹೋದ ಅವಳ ಗಂಡನೂ ಕುದುರೆ ಪಳಗಿಸುತ್ತಿದ್ದವನೇ. "ಯಾರು ಕಟ್ಟಿದ್ದು ಇದನ್ನ?"

ಓಚಿರ್ ತಲೆ ತಗ್ಗಿಸಿ ಬಬಲ್‌ಗಮ್ಮಿನಿಂದ ಬೆಣ್ಣೆಯ ತನಕ ಎಲ್ಲವನ್ನೂ ಒಪ್ಪಿಸಿದ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮಗು ಬಂತು, ಸಂತೋಷ. ನಿಮ್ಮ ಟೋಪಿ ಎಲ್ಲಿ?"

ಟೋಪಿ ರೈಲಿನ ಜೊತೆ ಮುಂದಕ್ಕೆ ಹೋಗಿತ್ತು.

"ಹಾಳಾಗ್ಲಿ ಬಿಡಿ," ಎಂದಳು ಅತ್ತೆ, ಕಣ್ಣೊರೆಸಿಕೊಳ್ಳುತ್ತ. "ಓಡೋಕೆ ಕಟ್ಟಿರೋ ಜುಟ್ಟಿಗೆ ಕತ್ತರಿ ಹಾಕಿದ್ರೆ ಮೇಲಿರೋ ನನ್ ಗಂಡ ಅಲ್ಲಿಂದ್ಲೇ ಬೈತಾನೆ. ಗಂಡುಮಕ್ಕಳಿಗೆ ಐದನೇ ವರ್ಷದಲ್ಲೂ ತೆಗೀತಾರೆ. ಆಗ್ಲೇ ತೆಗೆಯೋಣ. ನಾಳೆಗೆ ಕುರಿ ಹೇಗೂ ಬೇಯ್ತಿದೆ, ಬಂದೋರು ತಿನ್ಲಿ. ಅವಳಿಗೆ ಫೋನ್ ಹಚ್ಚಿ."

ಉಯಂಗಾ ಲಾರಿಯಲ್ಲೇ ಇದ್ದಳು. "ಜಡೆ ಹೇಗಿದೆ?" ಎಂದಳು ಮೊದಲಿಗೇ.

"ಬಿಚ್ಚಿಬಿಟ್ಟೆ ಕಣೇ," ಎಂದ ಓಚಿರ್. "ಆದ್ರೆ ನಾಳೆ ಮುಡಿ ತೆಗೆಯಲ್ಲ. ಐದಕ್ಕೆ ತೆಗೆಯೋಣ ಅಂತಾರೆ ನಿಮ್ಮಮ್ಮ. ಈಗ್ಲೇ ರಜೆ ಕೇಳಿಡು."

ಆ ಕಡೆಯಿಂದ ಲಾರಿಯ ಹಾರನ್ ಉದ್ದಕ್ಕೆ ಮೊಳಗಿತು. ಅದರ ನಡುವೆ ಉಯಂಗಾ ಅಳುತ್ತ ನಗುತ್ತ ಕೂಗುತ್ತಿದ್ದಳು: "ಮೊದಲ ಕತ್ತರಿ ನಂದು! ನಂದೇ ಕಣ್ರೀ!"

ತುಗುಲ್ದುರ್ ಫೋನಿಗೆ ಬಾಯಿ ಹಚ್ಚಿ, ಅಮ್ಮನಿಗೆ ಕೇಳಲೆಂದು ಜೋರಾಗಿ ಕೆನೆದ.