ಟಾರ್ಪಾಲಿನ ಮೆಸೇಜು

ಶನಿವಾರ ಸಂಜೆ ಆರೂಕಾಲಿಗೆ ಸುಳ್ಳು ಮೆಸೇಜು ಕ್ಲಬ್ಬಿನ ವಾಟ್ಸಾಪ್ ಗುಂಪು ದಾಟಿ ಊರಿಗೆ ಬಿತ್ತು.

ಅದನ್ನು ಬರೆದವನು ಸಿದ್ದೇಶ್. ಮದ್ದೂರಿನ ಕಂಪ್ಯೂಟರ್ ಕ್ಲಬ್ಬಿನಲ್ಲಿ ವಾರಕ್ಕೊಬ್ಬ ಸದಸ್ಯ ಮಾತಾಡಬೇಕು. ಈ ವಾರ ಅವನ ಸರದಿ, ವಿಷಯ ಮೊಬೈಲ್ ಮೋಸ. ಸರದಿ ಹೊಂದಿಸುವವಳು ನಯನ. ಮಾದರಿಗೆ ಒಂದು ಮೆಸೇಜನ್ನು ಗುಂಪಿಗೆ ಹಾಕಲೇ ಎಂದು ಅವನು ಕೇಳಿದಾಗ ಹೂಂ ಅಂದವಳೂ ಅವಳೇ.

"ಅಣ್ಣದೀರಾ ಅಕ್ಕದೀರಾ, ನಾಳೆ ಬೆಳಿಗ್ಗೆ ಏಳ್ಗಂಟ್ಗೆ ಆತಗೂರು ಬಸ್ ಸ್ಟಾಪ್ ತಾವ ಪುಕ್ಸಟ್ಟೆ ಟಾರ್ಪಾಲ್ ಕೊಡ್ತಾವ್ರೆ. ತಡ ಮಾಡುದ್ರೆ ಸಿಕ್ಕಾಕಿಲ್ಲ. ಲಿಂಕ್ ಒತ್ತಿ ಎಸ್ರು ಬರುಸ್ಕಳಿ."

ಲಿಂಕು ಒತ್ತಿದವರಿಗೆ 'ನೀವು ಮೋಸ ಹೋದಿರಿ' ಎಂಬ ಪುಟ ತೆರೆಯುತ್ತಿತ್ತು. ಆದರೆ ಇನ್ನೂ ಬಸ್ಸಿನಲ್ಲೇ ಇದ್ದ ಸದಸ್ಯ ಸಂತೋಷ್ ಒತ್ತಲಿಲ್ಲ. ತನ್ನೂರು ಆತಗೂರಿನ ಗುಂಪಿಗೆ ತಳ್ಳಿದ. ಅಲ್ಲಿಯೂ ಯಾರೂ ಒತ್ತಲಿಲ್ಲ, ಎಲ್ಲರೂ ಮುಂದಕ್ಕೆ ತಳ್ಳಿದರು.

"ಅಳಿಸ್ಬುಡ್ಲಾ," ಎಂದಳು ನಯನ.

"ನಮ್ ಗುಂಪ್ನಲ್ಲಿ ಅಳಿಸ್ದೆ ಕಣೇ. ಊರ್ ತುಂಬ ಓಗಿರೋದ್ನ ಎಂಗ್ ಅಳಿಸ್ಲಿ?"

"ಅದೇನ್ ಅಷ್ಟ್ ಚೆಂದಾಗ್ ಬರ್ದೆ ನೀನು?"

"ಓದ್ ವಾರ ತನ್ ಸರದೀಲಿ ವೀಣ ಏಳ್ಲಿಲ್ವಾ, ಕಳ್ ಮೆಸೇಜೆಲ್ಲ ಪುಸ್ತುಕುದ್ ಕನ್ನಡ್ದಲ್ಲಿರ್ತವೆ ಅಂತ? ನಮ್ ಮಾತಲ್ಲೇ ಬಂದ್ರೆ ಏನ್ ಮಾಡೀರಿ ಅಂತ ತೋರ್ಸಾಕೋದೆ."

ಕ್ಲಬ್ಬಿನ ಕೋಣೆಯಲ್ಲಿ ಯಾರೋ ನಕ್ಕರು. ನಯನಳಿಗೆ ನಗು ಬರಲಿಲ್ಲ. ಭಾನುವಾರ ಕೂಲಿ ಬಿಟ್ಟು, ಸುತ್ತಲ ಹಳ್ಳಿಗಳಿಂದ ಆಟೊ ಹತ್ತಿ ಜನ ಬಂದು ನಿಲ್ಲುತ್ತಾರೆ. ಬರೆದವರು ಯಾರೆಂದು ಹುಡುಕುತ್ತಾರೆ. ಕೋಣೆ ನಿಂಗಯ್ಯನವರದು, ಕೆಳಗೆ ಅವರ ಟೈರ್ ಅಂಗಡಿ. ಬೀಗದ ಕೈ ಕೊಡುವಾಗ ಅವರು ಒಂದೇ ಮಾತು ಹೇಳಿದ್ದರು: "ನನ್ ಎಸ್ರು ಬೀದಿಗೆ ತರ್ಬ್ಯಾಡಿ ಕಣವ್ವ. ತಂದ ದಿನ ಜಾಗ ಬುಡಿ." ಬೇರೆ ಜಾಗ ಹುಡುಕಿ ಹುಡುಕಿ ಸೋತ ಮೇಲೆ ಸಿಕ್ಕಿದ್ದ ಕೋಣೆ ಅದು.

ಅವಳು ಹೆಸರು ಹಾಕದೆ ಇನ್ನೊಂದು ಮೆಸೇಜು ಟೈಪು ಮಾಡಿದಳು. "ಸಾರ್ವಜನಿಕರ ಗಮನಕ್ಕೆ: ಟಾರ್ಪಾಲು ವಿತರಣೆಯ ಸುದ್ದಿ ಸತ್ಯಕ್ಕೆ ದೂರವಾದುದು. ದಯವಿಟ್ಟು ನಂಬಬೇಡಿ." ಸಂತೋಷ್ ಅದನ್ನೂ ಊರಿಗೆ ಕಳಿಸಿದ.

ಎಂಟು ಗಂಟೆಗೆ ಆತಗೂರಿನಿಂದ ಅವಳ ತಾಯಿ ಯಶೋದಮ್ಮ ಫೋನು ಮಾಡಿದರು.

"ಮಗಾ, ನಾಳೆ ಟಾರ್ಪಾಲ್ ಕೊಡ್ತಾರಂತೆ. ನಿಂಗೂ ಒಂದ್ ಇಸ್ಕಳ್ಳಾ?"

"ಅವ್ವಾ, ಅದು ಸುಳ್ಳು. ಸುಳ್ಳು ಅಂತ ಮೆಸೇಜ್ ಬರ್ಲಿಲ್ವಾ?"

"ಬಂತು ಕಣೆ. 'ಸಾರ್ವಜನಿಕರ ಗಮನಕ್ಕೆ' ಅಂತೆ. ನೋಡ್ತಿದ್ದಂಗೇ ಗೊತ್ತಾಯ್ತು, ಇದೇ ಕಳ್ ಮೆಸೇಜು ಅಂತ. ಪುಸ್ತುಕುದ್ ಕನ್ನಡ್ದಲ್ಲಿದ್ರೆ ನಂಬ್ಬ್ಯಾಡ ಅಂತ ನೀನೇ ಏಳ್ಕೊಟ್ಟಿದ್ದಲ್ಲ! ಇಡೀ ಬೀದಿಗೆ ಏಳ್ದೆ, ಅದ್ನ ನಂಬ್ಬ್ಯಾಡಿ, ಟಾರ್ಪಾಲಿಂದೇ ನಿಜ ಅಂತ."

ನಯನ ಗೋಡೆಗೆ ಒರಗಿದಳು. ಬರೆದದ್ದನ್ನು ಇನ್ನು ಯಾರೂ ನಂಬುವುದಿಲ್ಲ. ಗುರುತಿನ ದನಿಯೊಂದು, ಗುರುತಿನ ಹೆಸರೊಂದು ಬೇಕು. ಹೆಸರು ಹೇಳಿದರೆ ಕ್ಲಬ್ಬಿನ ಹೆಸರೂ, ಅದರ ಹಿಂದೆಯೇ ನಿಂಗಯ್ಯನವರ ಹೆಸರೂ ಹೊರಬೀಳುತ್ತವೆ.

"ಬ್ಯಾಡ ಕಣೇ," ಎಂದ ಸಿದ್ದೇಶ್. "ಬರ್ದೋನು ನಾನು. ನಾನೇ ಮಾತಾಡ್ತೀನಿ."

"ನೀನು ಮಳವಳ್ಳಿಯೋನು. ಆತಗೂರಲ್ಲಿ ನಿನ್ ದನಿ ಯಾರಿಗ್ಲಾ ಗೊತ್ತು?"

ಅವಳು ಆತಗೂರಿನ ಗುಂಪು ತೆರೆದು ಮೈಕಿನ ಗುರುತು ಒತ್ತಿ ಹಿಡಿದಳು. ಮೊದಲ ಸಲ ಬರೀ ಉಸಿರು ಕೇಳಿಸಿತು. ಅಳಿಸಿ ಮತ್ತೆ ಹಿಡಿದಳು.

"ನಾನು ಯಶೋದಮ್ಮನ ಮಗಳು ನಯನ ಕಣ್ರಪ್ಪ. ಟಾರ್ಪಾಲೂ ಇಲ್ಲ, ಏನೂ ಇಲ್ಲ. ಮದ್ದೂರಲ್ಲಿ ನಮ್ ಕಂಪ್ಯೂಟರ್ ಕ್ಲಬ್ನೋರು ಪಾಠಕ್ಕೆ ಅಂತ ಬರ್ದಿದ್ದು, ಕೈ ತಪ್ಪೋಯ್ತು. ಒಪ್ಪಿದ್ದು ನಾನೇ. ನಾಳೆ ಯಾರೂ ಬರ್ಬ್ಯಾಡಿ. ಬಯ್ಯಂಗಿದ್ರೆ ನಂಗೇ ಬಯ್ರಿ."

ಭಾನುವಾರ ಬೆಳಿಗ್ಗೆ ಅವಳೂ ಸಿದ್ದೇಶನೂ ಆತಗೂರು ಬಸ್ ಸ್ಟಾಪಿನಲ್ಲಿ ಒಂಬತ್ತರವರೆಗೆ ನಿಂತಿದ್ದರು. ಟಾರ್ಪಾಲು ಕೇಳಿಕೊಂಡು ಬಂದದ್ದು ಇಬ್ಬರೇ, ಮೊಬೈಲು ಇಲ್ಲದ ಸೋಮಮ್ಮ ಮತ್ತು ಅವರ ತಂಗಿ.

ಸೋಮವಾರ ನಿಂಗಯ್ಯನವರು ಬೀಗದ ಕೈ ವಾಪಸ್ಸು ಕೇಳಿದರು. ನಯನ ಕೊಟ್ಟಳು. ಮುಂದಿನ ಶನಿವಾರ ಕ್ಲಬ್ಬಿನಲ್ಲಿ ಯಾರ ಮಾತೂ ನಡೆಯಲಿಲ್ಲ.