ಡಬ್ಬಿಯ ಬಿಸಿ

ನಮ್ಮ ಕೇಂದ್ರದ ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ: ‘ನೋವಿಲ್ಲ, ಒತ್ತುವುದಿಲ್ಲ, ಮುಟ್ಟುವುದೂ ಇಲ್ಲ.’ ಇದು ಸ್ತನ ಕ್ಯಾನ್ಸರ್ ಹುಡುಕುವ ಎಕ್ಸ್‌ರೇಗೆ, ಅಂದರೆ ಮ್ಯಾಮೋಗ್ರಾಂಗೆ ಬದಲಿಯಲ್ಲ ಎಂಬ ಮಾತು ಮಾತ್ರ ಅರ್ಜಿಯ ಕೊನೆಯಲ್ಲಿ ಇರುವೆಯಂಥ ಅಕ್ಷರದಲ್ಲಿದೆ. ಬಂದ ಹೆಂಗಸರನ್ನು ಮೇಲುಡುಪು ತೆಗೆಸಿ ತಣ್ಣನೆಯ ಕೋಣೆಯಲ್ಲಿ ಹದಿನೈದು ನಿಮಿಷ ಕೂರಿಸುವುದು, ಹೊರಗಿನ ಬಿಸಿಯೆಲ್ಲ ಆರಿದ ಮೇಲೆ ಶಾಖದ ಕ್ಯಾಮೆರಾದಲ್ಲಿ ಎದೆಯ ಚಿತ್ರ ತೆಗೆಯುವುದು ನನ್ನ ಕೆಲಸ. ತಣ್ಣಗಿದ್ದಲ್ಲಿ ನೀಲಿ, ಬಿಸಿಯಿದ್ದಲ್ಲಿ ಕೆಂಪು. ಕೆಂಪು ಕಂಡರೆ ಡಾಕ್ಟರಿಗೆ ಕಳಿಸಬೇಕು.

ನನಗೆ ಎಂಟು ವರ್ಷವಿದ್ದಾಗ ಅಮ್ಮ ಹೋದಳು. ಆಮೇಲೆ ಸಾಕಿದವರು ಅತ್ತಿಗೆ. ಅವರಿಗೆ ಮ್ಯಾಮೋಗ್ರಾಂ ಎಂದರೆ ಹೆದರಿಕೆ. ನಾನೇ ದೊಡ್ಡ ತಿಳಿದವಳ ಹಾಗೆ, “ಅಲ್ಲಿ ಹೋಗಿ ಯಾಕೆ ಹಿಂಡಿಸ್ಕೊಳ್ತೀರಾ? ನನ್ನ ಹತ್ರ ಬನ್ನಿ” ಎಂದೆ. ವರ್ಷಕ್ಕೊಮ್ಮೆಯಂತೆ ಮೂರು ವರ್ಷ ಬಂದರು, ನನ್ನ ಊಟದ ಡಬ್ಬಿ ಆರದಿರಲಿ ಎಂದು ಎಡ ಎದೆಗೆ ಅವಚಿಕೊಂಡು. ಚಳಿಗೆ ನಡುಗುತ್ತಾರಲ್ಲ ಎಂದು ಐದೇ ನಿಮಿಷಕ್ಕೆ ಒಳಗೆ ಕರೆಯುತ್ತಿದ್ದೆ. ನಮ್ಮವರಿಗೆ ಎಂಥ ಕಾಯ್ದೆ! ಎಡಗಡೆ ಒಂದು ಕೆಂಪು ಮಚ್ಚೆ ಕಾಣುತ್ತಿತ್ತು. “ಡಬ್ಬಿ ಬಿಸಿ” ಎಂದು ಇಬ್ಬರೂ ನಗುತ್ತಿದ್ದೆವು. ಚಿತ್ರ ಡಾಕ್ಟರ ಮೇಜಿಗೆ ಹೋಗಲೇ ಇಲ್ಲ.

ಇವತ್ತು ಕೈಬೀಸಿಕೊಂಡು ಬಂದರು. “ಗ್ಯಾಸ್ ಮುಗೀತು ಕಣೇ, ನಿನಗೆ ಉಪವಾಸ.”

ಒಳಗೆ ಬೇರೊಬ್ಬರಿದ್ದುದರಿಂದ ಪೂರ್ತಿ ಹದಿನೈದು ನಿಮಿಷ ಕೂತರು. “ತರಕಾರಿ ಥರ ಫ್ರಿಜ್ಜಲ್ಲಿ ಇಟ್ಟಿದ್ದೀಯಲ್ಲ” ಎಂದು ಗೊಣಗುತ್ತಲೇ ಒಳಗೆ ಬಂದರು.

ಪರದೆ ನೋಡಿದೆ. ಡಬ್ಬಿ ಇರಲಿಲ್ಲ, ಮಚ್ಚೆ ಇತ್ತು. ಹಳೆಯ ಮೂರು ಚಿತ್ರ ತೆರೆದು ಪಕ್ಕದಲ್ಲಿಟ್ಟೆ. ವರ್ಷದಿಂದ ವರ್ಷಕ್ಕೆ ಅದು ಅಗಲವಾಗಿತ್ತು. ದೀಪದ ಬುಡದಲ್ಲೇ ಕತ್ತಲೆ. ‘ಬಿಸಿಲಲ್ಲಿ ಬಂದಿದ್ದಾರಲ್ಲ’ ಎಂಬ ಹೊಸ ನೆಪ ನಾಲಿಗೆಯ ತುದಿಗೆ ಬಂತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

“ಅತ್ತಿಗೆ, ನಾಳೆ ಆಸ್ಪತ್ರೆಗೆ ಹೋಗೋಣ. ಮ್ಯಾಮೋಗ್ರಾಂ ಮಾಡಿಸ್ಲೇಬೇಕು.”

“ನೀನೇ ಬೇಡ ಅಂದಿದ್ದೆ.”

“ತಪ್ಪು ಮಾಡಿದೆ. ಕೆಂಪು ಅಂದ್ರೆ ಅದೇ ಕಾಯಿಲೆ ಅಂತೇನಲ್ಲ, ಆದ್ರೆ ಡಬ್ಬಿಯದಂತೂ ಅಲ್ಲ. ಮೊದಲ ವರ್ಷದಿಂದ್ಲೂ ಇದೆ.”

ಅತ್ತಿಗೆ ಪರದೆಯತ್ತ ನೋಡುತ್ತ ನಿಂತರು. ಬೈಯಲಿ ಎಂದು ಕಾದೆ. ಅವರು ರವಿಕೆಯ ಹುಕ್ಕು ಹಾಕಿಕೊಳ್ಳಲು ಹೋದರು. ಅರ್ಧಕ್ಕೇ ಬಿಟ್ಟರು. ನಾನು ಹತ್ತಿರ ಹೋದಾಗ ನನ್ನ ಕೈ ಹಿಡಿದು ಎಡಗಡೆ, ಕಂಕುಳ ಹತ್ತಿರ ಇಟ್ಟುಕೊಂಡರು. ಗಟ್ಟಿಯಾಗಿ ಏನೋ ಬೆರಳಿಗೆ ತಗಲಿತು.

“ಇದು ಕೈಗೆ ಸಿಕ್ಕಿ ಆರು ತಿಂಗಳಾಯ್ತು. ನೀನು ಏನಿಲ್ಲ ಅಂದಿದ್ದೆಯಲ್ಲ, ಅದಕ್ಕೇ ಸುಮ್ಮನಿದ್ದೆ.”